ಜೀವ ಮುಟ್ಟಿದ ಕೈ

ನಾನು ಎದುರಿಗೆ ಬಂದರೆ ಜನ ಊಟ ಆಯಿತೇ ಎಂದು ಕೇಳುವುದಿಲ್ಲ. ಯಾರು ಸತ್ತರು ಎಂದು ಕೇಳುತ್ತಾರೆ.

ನನ್ನ ಹೆಸರು ದುರುಗೇಶ. ಕರೆಯುವುದು ದುರುಗ್ಯಾ ಎಂದು. ಮಸ್ಕಿಯಿಂದ ಸಿಂಧನೂರಿನವರೆಗೆ ರಸ್ತೆಯ ಮೇಲೆ ಸತ್ತವರನ್ನು, ಕಾಲುವೆಯಲ್ಲಿ ತೇಲಿ ಬಂದವರನ್ನು, ಜಾಲಿಗಿಡಕ್ಕೆ ನೇಣು ಹಾಕಿಕೊಂಡವರನ್ನು ಹದಿನೆಂಟು ವರ್ಷದಿಂದ ನಾನೇ ಎತ್ತುತ್ತೇನೆ. ಇದು ನೌಕರಿಯಲ್ಲ. ಯಾವ ಹಾಜರಿ ಪುಸ್ತಕದಲ್ಲೂ ನಾನಿಲ್ಲ. ಪೊಲೀಸ್ ಠಾಣೆಯ ದಫೇದಾರ ಸೂಗಪ್ಪ ಫೋನ್ ಮಾಡುತ್ತಾನೆ. "ಎಲ್ಲಿದ್ದೀಲೇ? ಒಂದು ಐತಿ, ಬಾ." ತಾಡಪಾಲು, ಎರಡು ಗೋಣಿಚೀಲ, ಹಗ್ಗ ಕಟ್ಟಿಕೊಂಡು ಮೊಪೆಡ್ ಮೇಲೆ ಹೋಗುತ್ತೇನೆ. ಪೊಲೀಸರು ಮೂಗು ಮುಚ್ಚಿಕೊಂಡು ದೂರ ನಿಂತಿರುತ್ತಾರೆ. ಕೈ ಒಂದು ಕಡೆ ಕಾಲು ಒಂದು ಕಡೆ ಬಿದ್ದಿದ್ದರೆ ಹೊಂದಿಸುತ್ತೇನೆ. ತಲೆ ಒಡೆದಿದ್ದರೆ ಒಳಗಿನದನ್ನು ಡಾಂಬರಿನಿಂದ ಬಳಿದು ಚೀಲಕ್ಕೆ ಹಾಕುತ್ತೇನೆ. ಆಮೇಲೆ ಒಂದು ಕ್ವಾರ್ಟರ್ ಬಾಟಲಿ ಕೊಡುತ್ತಾರೆ. ಕೈಗೆ ಕೊಡುವುದಿಲ್ಲ. ನೆಲಕ್ಕೆ ಇಟ್ಟು ಹಿಂದೆ ಸರಿಯುತ್ತಾರೆ.

ನಮ್ಮ ಅಪ್ಪ ಆದಪ್ಪ ಸತ್ತ ದನ ಎತ್ತುತ್ತಿದ್ದ. ನಾನು ಸತ್ತ ಮನುಷ್ಯರನ್ನು ಎತ್ತುತ್ತೇನೆ. ಮಾದಿಗರ ಕೇರಿ ಉದ್ಧಾರವಾಗಿದ್ದು ಇಷ್ಟೇ.

ಹೆಣವಾದ ಮೇಲೆ ಗೌಡನನ್ನೂ ನಾನು ಮುಟ್ಟಬಹುದು. ಅವನ ಹೆಂಡತಿಯನ್ನೂ ಮುಟ್ಟಬಹುದು. ಜೀವ ಇರುವಾಗ ಅವರ ಮನೆಯ ಕಟ್ಟೆಯನ್ನೂ ಮುಟ್ಟುವಂತಿಲ್ಲ. ನನ್ನ ಕೈ ತಾಗಿದರೆ ಆಯುಷ್ಯ ಕಡಿಮೆ ಎಂದು ಬಾಣಂತಿಯರು ಕೂಸಿಗೆ ಸೆರಗು ಮುಚ್ಚುತ್ತಾರೆ. ಹದಿನೆಂಟು ವರ್ಷ ಇದನ್ನು ನೋಡಿ ನೋಡಿ ನಾನೂ ಅದನ್ನೇ ನಂಬಿದ್ದೆನೇನೋ. ಅದನ್ನು ಮುಂದೆ ಹೇಳುತ್ತೇನೆ.

ಹೋದ ವರ್ಷ ಒಂದು ಹೆಣದ ಜೊತೆ ಲಿಂಗಸುಗೂರಿಗೆ ಹೋಗಿದ್ದೆ. ಕೊಯ್ಯುವ ಡಾಕ್ಟರು ಊಟಕ್ಕೆ ಹೋಗಿದ್ದರು. ಪಕ್ಕದ ಕೋಣೆಯಲ್ಲಿ ಆಟೋದವರಿಗೂ ಲಾರಿಯವರಿಗೂ ತರಬೇತಿ ನಡೆದಿತ್ತು. ಅಪಘಾತವಾದರೆ ಆಂಬುಲೆನ್ಸ್ ಬರುವ ತನಕ ಏನು ಮಾಡಬೇಕು ಎಂದು ಭಾರತಿ ಎನ್ನುವ ನರ್ಸಮ್ಮ ಹೇಳಿಕೊಡುತ್ತಿದ್ದರು. ನೆಲದ ಮೇಲೆ ಒಂದು ರಬ್ಬರಿನ ಗೊಂಬೆ ಮಲಗಿತ್ತು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

"ಅಲ್ಯಾಕ ನಿಂತೀರಿ? ಒಳಗ ಬರ್ರಿ, ನೀವೂ ಕೈ ಹಚ್ರಿ" ಎಂದರು.

ನನಗೆ ಯಾರೂ ರೀ ಹಚ್ಚಿ ಮಾತಾಡಿರಲಿಲ್ಲ. ಹೋದೆ. ಗೊಂಬೆಯ ತೊಡೆಯ ಮೇಲೆ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿದೆ. "ರಕ್ತ ಚಿಮ್ಮಾಕತ್ತಿದ್ರ ಹಿಂಗ ಒತ್ತಿ ಹಿಡೀರಿ. ಬಟ್ಟಿ ತೊಯ್ದ್ರ ತೆಗೀಬ್ಯಾಡ್ರಿ, ಅದರ ಮ್ಯಾಲೆ ಇನ್ನೊಂದ ಇಡ್ರಿ. ನೀರು ಕುಡಿಸಬ್ಯಾಡ್ರಿ. ದವಾಖಾನಿ ಮುಟ್ಟೋಮಟ ಕೈ ಸಡ್ಲ ಬಿಡಬ್ಯಾಡ್ರಿ" ಎಂದರು. ನಾನು ಎದ್ದೆ. ನನ್ನ ನಂತರದ ಸರದಿಯವನು ಗೊಂಬೆ ಮುಟ್ಟಲಿಲ್ಲ. ಅವನ ಹಿಂದಿನವನೂ ಮುಟ್ಟಲಿಲ್ಲ. ಹನ್ನೊಂದು ಜನ ಸಾಲಾಗಿ ಹೊರಗೆ ಹೋದರು. ರಬ್ಬರಿನ ಗೊಂಬೆಗೂ ಮೈಲಿಗೆ. ಭಾರತಿಯವರು ಕೆಂಪಗಾಗಿ, ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಅಪಘಾತದಲ್ಲಿ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಆಸ್ಪತ್ರೆಯಲ್ಲಿ ತಡೆದು ನಿಲ್ಲಿಸುವಂತಿಲ್ಲ, ಹೆಸರು ವಿಳಾಸ ಹೇಳು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ ಎಂದು ಅದರಲ್ಲಿತ್ತು. "ಕಾನೂನ್ ಐತ್ರಿ. ಹೆಸರು ಹೇಳೋದು ಬಿಡೋದು ನಿಮ್ಮ ಇಚ್ಛಾ" ಎಂದರು. ನಾನು ಏಳನೆಯ ಇಯತ್ತೆ ಓದಿದವನು. ಮೂರು ಸಲ ಓದಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಈ ಸಲದ ಭತ್ತದ ಕಟಾವಿನ ದಿನ. ಮಧ್ಯಾಹ್ನ ಮೂರು ಗಂಟೆ ಇರಬಹುದು. ಮಸ್ಕಿ ಸಂತೆಯಿಂದ ಸಿಂಧನೂರಿನ ಕಡೆ ಬರುತ್ತಿದ್ದೆ. ರಸ್ತೆಯ ಅರ್ಧಕ್ಕೆ ಭತ್ತ ಒಣಗಹಾಕಿ, ಅಂಚಿಗೆ ಸಾಲಾಗಿ ದಪ್ಪ ದಪ್ಪ ಬೋರುಗಲ್ಲು ಇಟ್ಟಿದ್ದರು. ಪ್ರತಿ ವರ್ಷ ಇಡುತ್ತಾರೆ. ರಸ್ತೆ ಅವರಪ್ಪನ ಕಣ. ಆ ಕಲ್ಲಿಗೆ ಬಡಿದು ಒಂದು ಸ್ಕೂಟಿ ಉರುಳಿತ್ತು. ಹುಡುಗಿ ಭತ್ತದ ಮೇಲೆ ಬಿದ್ದಿದ್ದಳು. ತೊಡೆ ಸೀಳಿ, ರಕ್ತ ಹೋಗಿ ಕಾಳೆಲ್ಲ ಕೆಂಪಾಗಿತ್ತು.

ಮೂವತ್ತು ನಲವತ್ತು ಜನ ಸುತ್ತ ನಿಂತಿದ್ದರು. ಅರ್ಧ ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಒಬ್ಬ ನೂರೆಂಟಕ್ಕೆ ಫೋನ್ ಹಚ್ಚಿ ಜಾಗ ಹೇಳುತ್ತಿದ್ದ. ನಾನು ಮೊಪೆಡ್ ನಿಲ್ಲಿಸಿದೆ. ಜನ ನನ್ನನ್ನು ಕಂಡು ದಾರಿ ಬಿಟ್ಟರು.

"ದುರುಗ್ಯಾ ಬಂದ ನೋಡ್ರಿ. ಮುಗೀತು."

"ಪೊಲೀಸ್ರು ಕಳಿಸ್ಯಾರ. ಸತ್ತಾಳ ಅಂತ ಅವರಿಗೆ ಗೊತ್ತಾಗೇತಿ."

ಫೋನ್ ಹಿಡಿದವನು ನನ್ನ ಮುಖ ನೋಡಿ, "ಬ್ಯಾಡ್ರೀ, ಗಾಡಿ ಬ್ಯಾಡ. ಹೆಣ ಎತ್ತಾಂವ ಬಂದಾನ" ಎಂದು ಫೋನ್ ಇಟ್ಟುಬಿಟ್ಟ. ಒಬ್ಬಳು ಮುದುಕಿ ಹೆಗಲ ಮೇಲಿನ ಟವೆಲನ್ನು ಹುಡುಗಿಯ ಮುಖಕ್ಕೆ ಹೊದಿಸಿ ಕೈ ಮುಗಿದಳು. ಜನರೂ ಕೈ ಮುಗಿದರು.

ಟವೆಲ್ ಅಲುಗಿತು. ಬಾಯಿಯ ಹತ್ತಿರ ಒಳಗೆ ಹೋಯಿತು. ಹೊರಗೆ ಬಂತು.

ಆಗ ನಾನು ಮಾಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆ. ಓಡಿ ಹೋಗಿ ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ಜನರ ಕಡೆ ತಿರುಗಿ, "ಜೀವ ಐತ್ರೀ. ಮುಟ್ಲೇನ್ರೀ?" ಎಂದು ಕೇಳಿದೆ. ರಕ್ತ ಹರಿಯುತ್ತಿತ್ತು, ನಾನು ಅಪ್ಪಣೆ ಕೇಳುತ್ತಿದ್ದೆ. ಯಾರೂ ಹೂಂ ಅನ್ನಲಿಲ್ಲ. ಎರಡನೆಯ ಸಲ ಕೇಳಿದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಮೂರನೆಯ ಸಲ ಕೇಳಲಿಲ್ಲ. ಟವೆಲ್ ಕಿತ್ತು ಅವಳ ತೊಡೆಗೆ ಒತ್ತಿದೆ. ಬಿಸಿ ರಕ್ತ ಬೆರಳ ಸಂದಿಯಿಂದ ಉಕ್ಕಿತು. ಹದಿನೆಂಟು ವರ್ಷ ತಣ್ಣನೆಯ ಮೈ ಮುಟ್ಟಿದ ಕೈಗೆ ಆ ಬಿಸಿ ತಡೆಯಲಾಗಲಿಲ್ಲ. ನಾನು ಅತ್ತುಬಿಟ್ಟೆ.

"ನೂರೆಂಟಕ್ಕ ಮತ್ತ ಹಚ್ರಲೇ! ಜೀವ ಐತಿ!" ಎಂದು ಕಿರುಚಿದೆ. ಹಚ್ಚಿದರು. ಗಾಡಿ ತಿರುಗಿ ಲಿಂಗಸುಗೂರಿನ ಕಡೆಗೆ ಹೋಗಿತ್ತು. ಮೂರು ಕಾರು ನಿಂತವು. ನನ್ನನ್ನು ನೋಡಿ, ರಕ್ತ ನೋಡಿ, ಹೋದವು. ನಿಂತವನು ಇಲಿಯಾಸ್. ಅವನ ಟಂಟಂ ಆಟೋ ತುಂಬ ಉಳ್ಳಾಗಡ್ಡಿ. ಆರು ಚೀಲ ರಸ್ತೆಗೆ ಎಸೆದ. ಇಬ್ಬರೂ ಸೇರಿ ಅವಳನ್ನು ಎತ್ತಿದೆವು.

ದಾರಿಯುದ್ದಕ್ಕೂ ನಾನು ಮೊಣಕಾಲೂರಿ ಒತ್ತಿ ಹಿಡಿದಿದ್ದೆ. ಟವೆಲ್ ತೊಯ್ದಿತು. ಅಂಗಿ ಬಿಚ್ಚಿ ಅದರ ಮೇಲೆ ಇಟ್ಟೆ. ತೋಳು ಸೆಟೆದು ಕಲ್ಲಾಯಿತು. ಅವಳು ಕಣ್ಣು ಬಿಟ್ಟು ನೀರು ಕೇಳಿದಳು.

"ಈಗ ಬ್ಯಾಡವ್ವಾ. ತಡಕೋ. ನಿನ್ನ ಹೆಸರೇನಬೇ?"

"ಗಾಯತ್ರಿ." ಉಸಿರು ಎಳೆದಳು. "ನೀವ್ಯಾರ್ರೀ?"

ನಾನು ಹೆಸರು ಹೇಳಲಿಲ್ಲ. ಈ ಸೀಮೆಯಲ್ಲಿ ನನ್ನ ಹೆಸರು ಕೇಳಿದರೆ ತಾನು ಸತ್ತೇ ಹೋದೆ ಎಂದುಕೊಂಡಾಳು ಎಂದು ಹೆದರಿದೆ. "ದಾರಿ ಹಿಡದು ಹೊಂಟಾಂವ" ಎಂದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ದವಾಖಾನೆ ಬರುವ ತನಕ ಬಿಡಲಿಲ್ಲ.

ದವಾಖಾನೆ ಖಾಸಗಿಯವರದು. ಹೆಸರು ಬೇಡ. ಬಾಗಿಲಲ್ಲಿದ್ದ ಕಂಪೌಂಡರ್ ನನ್ನನ್ನು ಕಂಡವನೇ ಎರಡೂ ಕೈ ಚಾಚಿ ಅಡ್ಡ ನಿಂತ.

"ಹೆಣ ಇಲ್ಲಿ ಯಾಕ ತಂದೀಲೇ ದುರುಗ್ಯಾ? ಹಿಂದ ಒಯ್ಯಿ."

ಇಲಿಯಾಸ್ ಅವಳನ್ನು ಎತ್ತಿಕೊಂಡಿದ್ದ, ನನ್ನ ಕೈ ಗಾಯದ ಮೇಲಿತ್ತು. ಅವನ ಹೊಟ್ಟೆಗೆ ತಲೆಯಿಂದ ಗುದ್ದಿ ಒಳಗೆ ನುಗ್ಗಿದೆ. ಡಾಕ್ಟರು ಓಡಿ ಬಂದರು. ನನ್ನ ಕೈ ಸರಿಸಿ ತಮ್ಮ ಕೈ ಇಟ್ಟರು. "ಯಾರು ಒತ್ತಿದ್ದು? ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು" ಎಂದರು. ಅವಳನ್ನು ಒಳಗೆ ಒಯ್ದರು.

ಇಲಿಯಾಸ್ ರಸ್ತೆಗೆ ಎಸೆದ ಚೀಲ ತರಲು ಆಗಲೇ ಹೋಗಿದ್ದ. ನಾನೂ ಹೊರಡಲು ಎದ್ದೆ. ಬಾಗಿಲಿಗೆ ಕೀಲಿ ಹಾಕಿದ್ದರು. "ಪೊಲೀಸ್ ಕೇಸ್ ಐತಿ. ಬರಿಮೈಲೆ ಎಲ್ಲಿಗೆ ಹೊಂಟಿ? ಕುಂದ್ರು" ಎಂದ ಕಂಪೌಂಡರ್. ನನ್ನ ಚೀಟಿಯಲ್ಲಿದ್ದ ಕಾನೂನನ್ನೇ ದೊಡ್ಡದಾಗಿ ಬರೆದ ಬೋರ್ಡು ಅದೇ ಗೋಡೆಯ ಮೇಲೆ ಇತ್ತು. ಅದರ ಮುಂದೆ ಯಾವುದೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಕೊನೆಯ ಒಂದು ಸಾಲು ಮಾತ್ರ ಕೆಳಗೆ ಇಣುಕುತ್ತಿತ್ತು.

ಗಾಯತ್ರಿಯ ಅಣ್ಣ ವಿರೇಶ ಬಂದ. ಜೊತೆಗೆ ಎಂಟು ಜನ. ಅವರು ಬರುವ ಮೊದಲೇ ಅವರ ಮೊಬೈಲಿಗೆ ವಿಡಿಯೋ ಬಂದಿತ್ತು. ಟವೆಲ್, ರಕ್ತ ಕಾಣದಂತೆ ಅದನ್ನು ಕತ್ತರಿಸಿದ್ದರು. ಅವಳ ತೊಡೆ, ನನ್ನ ಕೈ. ಅಷ್ಟೇ.

"ನೀ ಯಾವನಲೇ ಮುಟ್ಟಾಕ?"

"ಅಣ್ಣಾರ, ರಕ್ತ ಹೊಂಟಿತ್ತು..."

ಹೆಲ್ಮೆಟ್ಟಿನಿಂದ ಬಾಯಿಗೆ ಹೊಡೆದ. ಎರಡು ಹಲ್ಲು ನಾಲಗೆಯ ಮೇಲೆ ಬಿದ್ದವು. ಕೆಳಗೆ ಬಿದ್ದೆ. ಪಕ್ಕೆಗೆ ಒದ್ದರು. ಬೆನ್ನಿಗೆ ಒದ್ದರು. ಜಾತಿ ಹಿಡಿದು ಬೈದರು. ನಮ್ಮ ಜಾತಿಯ ಹೆಸರೇ ಅವರಿಗೆ ಬೈಗುಳ, ಬೇರೆ ಹುಡುಕುವ ತ್ರಾಸಿಲ್ಲ. ಸಲಾಯಿನ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬವನ್ನು ಒಬ್ಬ ಎತ್ತಿದ.

"ಯಾ ಕೈಲೆ ಮುಟ್ಟಿದಿ?"

ನಾನು ಹೇಳಲಿಲ್ಲ. ಬಲಗೈಯ ರಕ್ತ ಒಣಗಿ ಅದೇ ಹೇಳಿತು. ಇಬ್ಬರು ಅದನ್ನು ನೆಲಕ್ಕೆ ಚಾಚಿ ಹಿಡಿದರು. ಕಂಬದ ಬುಡ ಎತ್ತಿ ಕುಕ್ಕಿದರು. ಮೊದಲ ಸಲ ಬೆರಳು ಮುರಿದವು. ಎರಡನೆಯ ಸಲ ಮಣಿಕಟ್ಟು ಮುರಿಯಿತು. ಅವಳು ಹಿಡಿದುಕೊಂಡಿದ್ದ ಜಾಗ. ಒಳಗೆ ಅವಳಿಗೆ ಹೊಲಿಗೆ ಹಾಕುತ್ತಿದ್ದರು, ಹೊರಗೆ ನನ್ನನ್ನು ಹರಿಯುತ್ತಿದ್ದರು.

ಸೂಗಪ್ಪ ಬಂದ. ನಾನು ಅವನ ಮುಖ ನೋಡಿದೆ. ಹದಿನೆಂಟು ವರ್ಷದ ಪರಿಚಯ. ಅವನು ವಿರೇಶನ ಗುಂಪಿಗೆ, "ನೀವು ಮನಿಗೆ ನಡೀರಿ, ನಾ ನೋಡ್ಕೋತೀನಿ" ಎಂದ. ನನ್ನನ್ನು ಕಾಲಿನಿಂದ ತಿವಿದು ಎಬ್ಬಿಸಿ ಜೀಪಿಗೆ ಹಾಕಿದ.

ಠಾಣೆಯಲ್ಲಿ ಕಾಗದ ಮೊದಲೇ ಬರೆದಿತ್ತು. ಕುರಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ನಾನು ಮೊಪೆಡ್ಡನ್ನು ಅತಿವೇಗ ಮತ್ತು ಅಲಕ್ಷ್ಯತನದಿಂದ ಚಲಾಯಿಸಿ ಸ್ಕೂಟಿಗೆ ಡಿಕ್ಕಿ ಹೊಡೆದೆ ಎಂದಿತ್ತು. ಭತ್ತ ಒಬ್ಬ ದೊಡ್ಡ ಗೌಡನದು. ಅಷ್ಟರಲ್ಲೇ ರಸ್ತೆಯಿಂದ ಭತ್ತವೂ ಎದ್ದಿತ್ತು, ಕಲ್ಲುಗಳೂ ಎದ್ದಿದ್ದವು. ಯಾರಾದರೂ ಡಿಕ್ಕಿ ಹೊಡೆಯಲೇಬೇಕಿತ್ತು.

"ಹೆಸರು ಹೇಳು" ಎಂದ ಫೌಜದಾರ.

ಚೀಟಿ ಅಂಗಿಯ ಜೊತೆ ಹೋಗಿತ್ತು. ಅಕ್ಷರ ತಲೆಯಲ್ಲಿದ್ದವು.

"ನಾ ಜೀವ ಉಳಿಸಾಕ ಹೋದಾಂವರೀ. ನನ್ನ ಹೆಸರು ಕೇಳಂಗಿಲ್ಲ. ಕಾನೂನ್ ಐತಿ."

ಠಾಣೆ ನಕ್ಕಿತು. ಫೌಜದಾರ ನಗಲಿಲ್ಲ. ಬೆಲ್ಟ್ ಬಿಚ್ಚಿದ. ಬಕಲಿನ ಕಡೆಯಿಂದ ಹೊಡೆದ.

"ಬಡವನ ಸಿಟ್ಟು ದವಡಿಗೆ ಮೂಲ ಅಂತಾರಲೇ" ಎಂದ ಸೂಗಪ್ಪ. "ಹೆಬ್ಬಟ್ಟು ಒತ್ತಿ ಬಿಡು. ಜಾಮೀನ ಕೊಡಿಸ್ತೀನಿ."

"ದವಡಿ ನೀವ ಆಗ್ಲೇ ಮುರದೀರಿ. ಇನ್ನ ಸಿಟ್ಟ ಉಳದೈತಿ."

ಬಲಗೈ ಸಹಿಗೆ ಬರುವಂತಿರಲಿಲ್ಲ. ಎಡಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಲು ಇಬ್ಬರು ಬಂದರು. ನಾನು ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡು ಉಳಿದ ಹಲ್ಲಿನಿಂದ ಕಚ್ಚಿ ಹಿಡಿದೆ. ಅಂಗಾಲಿಗೆ ಲಾಠಿ ಬಿತ್ತು. ಬಿಡಲಿಲ್ಲ. ಹದಿನೈದು ಏಟಿನವರೆಗೆ ಎಣಿಸಿದೆ. ಅವರು ಕೈ ಎಳೆದಾಗ ಬೆರಳಿನ ತೊಗಲು ನನ್ನ ಬಾಯಲ್ಲೇ ಉಳಿಯಿತು. ಕಾಗದದ ಮೇಲೆ ಒತ್ತಿದರು. ಬರೀ ರಕ್ತದ ಕಲೆ ಬಿತ್ತು. ಗೆರೆ ಒಂದೂ ಮೂಡಲಿಲ್ಲ.

ಮರುದಿನ ನನ್ನ ಹೆಂಡತಿ ಕರೆಮ್ಮ ಬಂದಳು. ಒಳಗೆ ಬಿಡಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಳು. ನನ್ನ ಕೈ ನೋಡಿದಳು. 

"ಆ ಹುಡುಗಿ ಕಣ್ಣ ತೆಗದಾಳಂತ. ಇಲಿಯಾಸ ಹೇಳಿದ. ಬಳ್ಳಾರಿಗೆ ಒಯ್ದಾರ, ಉಳೀತಾಳಂತ."

"ಉಳದಾಳೇನು?"

"ಉಳದಾಳ." ಆಮೇಲೆ ಅವಳು ಕಿರುಚಿದಳು, ಇಡೀ ಠಾಣೆಗೆ ಕೇಳುವಂತೆ. "ಆಕಿ ಉಳದಾಳ, ನೀ ಒಳಗದಿ! ಇನ್ನ ಮ್ಯಾಲೆ ನಮ್ಮ ಕೇರ್ಯಾಗ ಯಾವನೂ ಇವರ ಹೆಣ ಮುಟ್ಟಂಗಿಲ್ಲ. ಮುಟ್ಟಿದ್ರ ನನ್ನ ಹೆಣ ದಾಟಿ ಹೋಗಬೇಕು!"

ಅವಳ ಮಾತನ್ನು ಕಾನ್‌ಸ್ಟೇಬಲ್‌ಗಳು ಹಾಸ್ಯ ಮಾಡಿದರು.

ಮೂರನೆಯ ದಿನ ಬೆಳಿಗ್ಗೆ ಠಾಣೆಗೆ ಫೋನ್ ಬಂತು. ಕಾಲುವೆಯ ಗೇಟಿಗೆ ಒಂದು ಹೆಣ ಬಂದು ಸಿಕ್ಕಿತ್ತು. ನಾಲ್ಕೈದು ದಿನದ್ದು. ಉಬ್ಬಿ, ತೊಗಲು ಸುಲಿದಿತ್ತು. ಆ ಗೇಟಿನ ಕೆಳಗಿನಿಂದ ಐದಾರು ಊರಿನ ಕುಡಿಯುವ ನೀರಿನ ಕೆರೆ ತುಂಬುತ್ತದೆ. ಊರವರು ಗೇಟಿನ ಹತ್ತಿರ ಗದ್ದಲ ಎಬ್ಬಿಸಿದ್ದರು. ಸೂಗಪ್ಪ ನಮ್ಮ ಕೇರಿಗೆ ಜೀಪು ಒಯ್ದ. ಕೇರಿಯ ಬಾಯಲ್ಲಿ ಕರೆಮ್ಮ ಕೂತಿದ್ದಳು. ಅವಳ ಹಿಂದೆ ಆದಮ್ಮ ಮುದುಕಿ, ಅವಳ ಹಿಂದೆ ಇಡೀ ಕೇರಿ. ಒಬ್ಬನೂ ಎದ್ದು ಬರಲಿಲ್ಲ. ಎರಡು ಬಾಟಲಿ ತೋರಿಸಿದರೂ ಬರಲಿಲ್ಲ. ಬೈದರೂ ಬರಲಿಲ್ಲ.

ಹನ್ನೊಂದಕ್ಕೆ ಫೌಜದಾರ ನನ್ನ ಕೋಣೆಯ ಬಾಗಿಲು ತೆರೆದ.

"ಏಳಲೇ. ಅದೊಂದು ತೆಗದು ಕೊಡು. ಹಂಗೇ ಮನಿಗೆ ಹೋಗಿಬಿಡು."

"ಮುಟ್ಟಿದ್ದು ಅಪರಾಧ ಅಂತ ಬರದೀರಿ. ಮತ್ತ ಅಪರಾಧ ಮಾಡಂಗಿಲ್ರಿ."

"ಅದು ಹೆಣಲೇ!"

"ಹೆಣಾನೂ ನಿಮ್ಮವರದ ಇರಬೇಕಲ್ರೀ. ಕೇಳೀರೇನು ಅದಕ್ಕ, ನಾ ಮುಟ್ಲೇನು ಅಂತ?"

ಅವನ ಕೈ ಮೇಲೆದ್ದಿತು. ಫೋನ್ ಮತ್ತೆ ಬಡಿದುಕೊಂಡಿತು. ಮೇಲಿನವರದು. ಅವನು ನಿಂತಲ್ಲೇ ಸೆಟೆದು ಹೂಂ ಹೂಂ ಅಂದ. ಫೋನ್ ಇಟ್ಟು ನನ್ನನ್ನು ಜೀಪಿಗೆ ಹತ್ತಿಸಿದ.

ಕಾಲುವೆಯ ಏರಿಯ ಮೇಲೆ ಮುನ್ನೂರು ಜನ ಇದ್ದರು. ಕರೆಮ್ಮನೂ ಬಂದು ನಿಂತಿದ್ದಳು. ವಾಸನೆಗೆ ಎಲ್ಲರ ಮೂಗಿಗೂ ಬಟ್ಟೆ. ನನ್ನನ್ನು ಕಂಡು, ದುರುಗ್ಯಾ ಬಂದ, ದುರುಗ್ಯಾ ಬಂದ ಎಂದು ಖುಷಿಯಿಂದ ದಾರಿ ಬಿಟ್ಟರು. ಹುಡುಗಿ ರಕ್ತದಲ್ಲಿ ಬಿದ್ದಿದ್ದಾಗ ಮೊಬೈಲ್ ಹಿಡಿದು ನಿಂತಿದ್ದ ಮುಖಗಳೂ ಅಲ್ಲಿದ್ದವು. ನಾನು ಜೀಪಿನಿಂದ ಇಳಿಯಲಿಲ್ಲ.

"ಮೊದ್ಲು ಬರೀರಿ" ಎಂದೆ.

"ಏನ್ ಬರೀಲಿ?"

"ಆ ಕಾಗದ ಹರೀರಿ. ಹೊಸಾದು ಬರೀರಿ. ಈಗ ನನ್ನ ಹೆಸರು ಬರ್ಕೊಳ್ರಿ. ದುರುಗೇಶ, ತಂದೆ ಆದಪ್ಪ. ಕೇರಿ ಹೆಸರೂ ಬರೀರಿ."

ಮುನ್ನೂರು ಜನ ನೋಡುತ್ತಿದ್ದರು. ನೀರು ಕೊಳೆಯುತ್ತಿತ್ತು. ಫೌಜದಾರ ಜೀಪಿನಲ್ಲಿದ್ದ ಚೀಲದಿಂದ ಹಳೆಯ ಕಾಗದ ತೆಗೆದು ಹರಿದ. ಬಾನೆಟ್ಟಿನ ಮೇಲೆ ಹೊಸ ಹಾಳೆ ಇಟ್ಟು, ಹಲ್ಲು ಕಡಿಯುತ್ತ ಬರೆದ. ಭತ್ತದ ಕಲ್ಲಿಗೆ ಬಡಿದು ಗಾಯಗೊಂಡ ಗಾಯತ್ರಿಯವರಿಗೆ ದುರುಗೇಶ ನೆರವು ನೀಡಿ ಜೀವ ಉಳಿಸಿದರು ಎಂದು ಬರೆದ. ನಾನು ಇಳಿದು ಬಗ್ಗಿ ಓದಿದೆ.

"ನೆರವು ನೀಡಿ ಅಲ್ರೀ. ಮುಟ್ಟಿ ಅಂತ ಬರೀರಿ."

"ಏನ್ ಫರಕ್ ಐತಲೇ?"

"ಬರೀರಿ ಸಾಹೇಬ್ರ. ಮುಟ್ಟಿ, ರಕ್ತ ನಿಲ್ಲಿಸಿ, ಜೀವ ಉಳಿಸಿದ."

ಬರೆದ. ಸಹಿ ಹಾಕಿದ. ಮೊಹರು ಒತ್ತಿದ. ಕಾಗದ ನೆಲಕ್ಕಿಡಲು ಬಗ್ಗಿದವನು ನನ್ನ ಮುಖ ನೋಡಿ ತಡೆದ. ಕೈಗೆ ಕೊಟ್ಟ. ನಾನು ಅದನ್ನು ಕರೆಮ್ಮನ ಕೈಗೆ ಕೊಟ್ಟೆ. ಅವಳು ಕುಪ್ಪಸದೊಳಗೆ ಇಟ್ಟುಕೊಂಡಳು.

"ಆತಿಲ್ಲೋ? ಇನ್ನ ಇಳಿ ನೀರಿಗೆ."

ನಾನು ಬಲಗೈ ಎತ್ತಿ ಹಿಡಿದೆ. ಅದು ಬದನೆಕಾಯಿಯಷ್ಟು ದಪ್ಪವಾಗಿ, ಕಪ್ಪಾಗಿ ಜೋತು ಬಿದ್ದಿತ್ತು. ಮೂರು ದಿನದಿಂದ ಅದಕ್ಕೆ ಒಂದು ಬಟ್ಟೆಯನ್ನೂ ಯಾರೂ ಸುತ್ತಿರಲಿಲ್ಲ.

"ಹೆಣ ಎತ್ತೋ ಕೈ ಇದ ಇತ್ರೀ. ಮುರದೀರಿ. ಈಗ ನೀವು ಎತ್ರಿ, ನಾ ಹೇಳಿಕೊಡ್ತೀನಿ."

 ಫೌಜದಾರ ಸೂಗಪ್ಪನನ್ನು ನೋಡಿದ. ಸೂಗಪ್ಪ ಹಿಂದೆ ನೋಡಿದ. ಹಿಂದೆ ನಿಂತ ಯಾರೂ ಮುಂದೆ ಬರಲಿಲ್ಲ. ಬೂಟು ಬಿಚ್ಚಿದ. ಪ್ಯಾಂಟು ಮಡಚಿದ. ನೀರಿಗೆ ಇಳಿದ. ಎದೆಯುದ್ದ ನೀರಿನಲ್ಲಿ ಹೋಗಿ ಹೆಣದಿಂದ ಒಂದು ಮೊಳ ದೂರ ನಿಂತು ವಾಂತಿ ಮಾಡಿಕೊಂಡ. ಕೈ ಚಾಚಿದ. ಹಿಂದಕ್ಕೆ ಎಳೆದುಕೊಂಡ. ಮತ್ತೆ ಚಾಚಿದ. ಹದಿನೆಂಟು ವರ್ಷ ನನಗೆ ಬಾಟಲಿ ನೆಲಕ್ಕಿಟ್ಟ ಕೈ ಅದು.

"ಹೆಂಗ ಹಿಡೀಲೋ ದುರುಗೇಶಾ?" ಎಂದು ಅಲ್ಲಿಂದಲೇ ಕೂಗಿದ. ಅಳುತ್ತಿದ್ದ.

ನಾನು ಏರಿಯ ಮೇಲೆ ಕೂತೆ.

"ಕಂಕುಳಾಗ ಕೈ ಹಾಕ್ರೀ ಸಾಹೇಬ್ರ. ಮುಟ್ರಿ. ಮುಟ್ಟಿದ್ರ ಯಾರೂ ಸಾಯಂಗಿಲ್ಲ."